ಮಾವನ ತಲೆ ನೋಡಬೇಕಿದೆ

ಪ್ರೀತಿಯ ಮಾವ,

ಇದನ್ನು ಒಬ್ಬರೇ ಇದ್ದಾಗ ಓದಿ. ಕೋಪ ಬಂದರೆ ಬರಲಿ, ಹರಿದು ಮಾತ್ರ ಹಾಕಬೇಡಿ. ಎದುರು ಕೂತು ಕೇಳುವಷ್ಟು ಧೈರ್ಯ ನನಗಿಲ್ಲ.

ಇಪ್ಪತ್ತಾರಕ್ಕೇ ನನ್ನ ಹಣೆ ನೆತ್ತಿಯ ಕಡೆಗೆ ಹೊರಟಿರುವುದು ನೀವು ಕಂಡದ್ದೇ. ಬರುವ ವಾರ ಕೂದಲು ನೆಡಿಸಿಕೊಳ್ಳಲು ದಿನ ಗೊತ್ತಾಗಿದೆ. ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿ ಬೆರಗಾದೆ. ಹಿಂದಲೆಯ ಕೂದಲು ಸುಲಭಕ್ಕೆ ಉದುರುವ ಜಾತಿಯದಲ್ಲವಂತೆ. ಬೇರುಸಮೇತ ತಂದು ಮುಂದೆ ನೆಟ್ಟರೂ ತವರಿನ ಗುಣ ಬಿಡುವುದಿಲ್ಲವಂತೆ. ನೆಟ್ಟದ್ದು ಕೆಲವು ವಾರಕ್ಕೆ ಉದುರಿ, ತಿಂಗಳುಗಳ ಮೇಲೆ ಮತ್ತೆ ಹುಟ್ಟುತ್ತದಂತೆ. ಆದರೆ ಕಿತ್ತ ಜಾಗದಲ್ಲಿ ಇನ್ನು ಬೆಳೆಯುವುದಿಲ್ಲ. "ನಿಮ್ಮ ಹತ್ರ ಇರೋ ಬಂಡವಾಳ ಇಷ್ಟೇ. ಎಲ್ಲಾ ಈಗಲೇ ಮುಂದೆ ಸುರಿದುಬಿಟ್ರೆ, ನಾಳೆ ನೆತ್ತಿ ಬೋಳಾದಾಗ ಎಲ್ಲಿಂದ ತರೋಣ?" ಅಂದರು. ಅದಕ್ಕೇ ಮನೆಯ ಗಂಡಸರ ತಲೆ ವಿಚಾರಿಸಿದರು.

ಅಪ್ಪ ನನ್ನ ವಯಸ್ಸು ಮುಟ್ಟುವ ಮುಂಚೆಯೇ ಹೋದರು. ಗೋಡೆಯ ಫೋಟೋದಲ್ಲಿ ತುಂಬುಗೂದಲು. ಮುಂದೆ ಏನಾಗುತ್ತಿತ್ತೋ ದೇವರೇ ಬಲ್ಲ. "ಸರಿ, ತಾಯಿಯ ಅಣ್ಣತಮ್ಮಂದಿರು?" ಎಂದರು ಡಾಕ್ಟರು. ಅಭ್ಯಾಸಬಲ ನೋಡಿ, ನನ್ನ ನಾಲಿಗೆ "ಮಾವನಿಗೆ ದಟ್ಟ ಕೂದಲು ಸಾರ್" ಎಂದುಬಿಟ್ಟಿತು. ಅವರು ಖುಷಿಯಾಗಿ ಪೆನ್ನು ತೆಗೆದು, ಇಲ್ಲಿಯವರೆಗೂ ನೆಡೋಣವೆಂದು ನನ್ನ ಹಣೆಯ ಮೇಲೆ ಬಲು ಕೆಳಗೆ ಗೆರೆ ಎಳೆದರು. ಹೊರಗೆ ಬಂದ ಮೇಲೆ ಹೇಳಿದ್ದು ಎಂಥ ಸುಳ್ಳೆಂದು ಹೊಳೆಯಿತು.

ಮಾವ, ನಮಗೆಲ್ಲ ಗೊತ್ತು. ನೀವು ಡ್ರೈವಿಂಗ್ ಕಲಿಸುವ ಕಾರಿನ ಕಿಟಕಿ ಬೇಸಿಗೆಯಲ್ಲೂ ಇಳಿಯುವುದಿಲ್ಲ. "ಧೂಳು ಕಣೋ" ಅನ್ನುತ್ತೀರಿ. ಕಲಿಯುವವರು ಸ್ಟಿಯರಿಂಗ್ ಹಿಡಿದು ಬೆವರಿ ತೊಪ್ಪೆ. ನೀವು ನಮ್ಮ ಮನೆ ಮೆಟ್ಟಿಲು ಹತ್ತುತ್ತಿದ್ದಂತೆ ಅಮ್ಮ ಫ್ಯಾನು ನಿಧಾನ ಮಾಡುತ್ತಾಳೆ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ನಿಮ್ಮ ಮುಖ ಸಣ್ಣದಾಗಬಾರದು, ಅಷ್ಟೇ.

ಈಗ ಮಾತ್ರ ಕೇಳದೆ ಗತಿಯಿಲ್ಲ. ವಿಗ್ಗಿನ ಕೆಳಗೆ ಹೇಗಿದೆ? ನೆತ್ತಿ ಪೂರ್ತಿ ಹೋಗಿದೆಯೇ? ಹಿಂದೆ ಎಷ್ಟು ಉಳಿದಿದೆ? ಯಾವ ವಯಸ್ಸಿಗೆ ಶುರುವಾಯಿತು? ಮೊದಲ ಸಲ ಕನ್ನಡಿಯಲ್ಲಿ ಕಂಡಾಗ ಯಾರ ಹತ್ತಿರ ಹೇಳಿಕೊಂಡಿರಿ? ಈ ಕೊನೆಯದು ಡಾಕ್ಟರ ಪ್ರಶ್ನೆಯಲ್ಲ, ನನ್ನದು. ನಾನು ಇನ್ನೂ ಯಾರಿಗೂ ಹೇಳಿಕೊಂಡಿಲ್ಲ.

ಭಾನುವಾರ ಬೆಳಿಗ್ಗೆ ಬರುತ್ತೇನೆ. ಮನಸ್ಸಾದರೆ ಬರೀ ತಲೆಯಲ್ಲೇ ಬಾಗಿಲು ತೆಗೆಯಿರಿ. ಇಲ್ಲವಾದರೆ ಎಂದಿನಂತೆಯೇ ತೆಗೆಯಿರಿ. ಇನ್ನೆಂದೂ ಕೇಳುವುದಿಲ್ಲ, ಡಾಕ್ಟರಿಗೆ ಸುಳ್ಳು ಹೇಳಿದೆನೆಂದು ಒಪ್ಪಿಕೊಂಡು ದಿನ ಮುಂದಕ್ಕೆ ಹಾಕಿಸುತ್ತೇನೆ. ಅಪ್ಪ ಮುದುಕರಾಗಿದ್ದರೆ ಹೇಗಿರುತ್ತಿದ್ದರೋ ನನಗೆ ಯಾರೂ ತೋರಿಸಲಾರರು. ನಾನು ಮುದುಕನಾದಾಗ ಹೇಗೆ ಕಾಣುತ್ತೇನೆಂದು ನೋಡಿಕೊಳ್ಳಲು ಉಳಿದಿರುವುದು ನಿಮ್ಮ ತಲೆಯೊಂದೇ. ಅದು ಬೋಳಾಗಿದ್ದರೂ ನನಗೆ ಬೇಜಾರಿಲ್ಲ. ನಿಮ್ಮ ಹಾಗೆ ಕಾಣುವುದೆಂದರೆ ನನಗೆ ಕಡಿಮೆಯೇನಲ್ಲ, ಮಾವ.

ಆಮೇಲೆ ಕಾರಿನಲ್ಲಿ ಒಂದು ಸುತ್ತು ಹೋಗೋಣ. ಕಿಟಕಿ ಇಳಿಸಿಕೊಂಡು.

ಕೂದಲು ಇರಲಿ, ಬಿಡಲಿ, ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ಹತ್ತಿರ ಕಾರು ಕಲಿಯುವಾಗ ನಾಯಿ ಕಂಡರೂ ನೆರಳು ಕಂಡರೂ ಗಾಡಿ ನಿಲ್ಲಿಸುತ್ತಿದ್ದವನಿಗೆ ನೀವೇ ಇಟ್ಟ ಹೆಸರಿನಿಂದ,
ನಿಮ್ಮ ಬ್ರೇಕು