ಮೆರವಣಿಗೆ ನಿಲ್ಲಿಸುವ ಕೈ

ಉಣಕಲ್ ದಂಡೆ
ಮೂರನೆಯ ಎಣಿಕೆಯ ನಲವತ್ತೊಂದನೆಯ ವರ್ಷ, ಫೆಬ್ರವರಿ ಮೂವತ್ತು

ಹುಬ್ಬಳ್ಳಿಯ ಕಸ್ತೂರಿ ಭಜಂತ್ರಿಯವರಿಗೆ,

ತೇದಿ ನೋಡಿ ಇದು ಯಾರದೋ ಕುಚೇಷ್ಟೆ ಎಂದು ಪತ್ರವನ್ನು ಬದಿಗಿಡಬೇಡಿ. ಫೆಬ್ರವರಿಗೆ ನಾವು ಮೂವತ್ತು ದಿನ ಕೊಟ್ಟು ತಲೆಮಾರುಗಳೇ ಕಳೆದವು. ಅದೊಂದು ತಿಂಗಳಿಗೆ ಮಾತ್ರ ಯಾಕೆ ಅನ್ಯಾಯ ಎಂದು ಹಿಂದೊಮ್ಮೆ ಯಾರೋ ತಕರಾರು ತೆಗೆದರಂತೆ, ಉಳಿದವರು ಹೌದಲ್ಲ ಎಂದು ಒಪ್ಪಿಬಿಟ್ಟರಂತೆ. ನಿಮ್ಮ ಲೆಕ್ಕದಲ್ಲಿ ಹೇಳುವುದಾದರೆ, ನಾನು ಸುಮಾರು ಮುನ್ನೂರೈವತ್ತು ವರ್ಷ ಮುಂದೆ ಕುಳಿತು ಬರೆಯುತ್ತಿದ್ದೇನೆ. ನೀವು ಸಂಜೆ ಗಿರಮಿಟ್ಟು ಕಟ್ಟಿಸಿಕೊಂಡು ಹೋಗಿ ಕೂರುವ ಅದೇ ಉಣಕಲ್ ಕೆರೆಯ ದಂಡೆಯಲ್ಲೇ ನಮ್ಮ ಊರಿದೆ. ನನ್ನ ಹೆಸರು ತಂಗಾಳೆವ್ವ. ನಿಮ್ಮ ಕಾಲದ ಕನ್ನಡವನ್ನು ಇಲ್ಲಿಯ ಮಕ್ಕಳಿಗೆ ಕಲಿಸುವುದು ನನ್ನ ಕೆಲಸ. ನಾನೇ ಅದನ್ನು ಅರೆಬರೆ ಪುಸ್ತಕಗಳಿಂದ ಕಲಿತವಳಾದ್ದರಿಂದ, ಎಲ್ಲಿಯಾದರೂ ಮಾತು ಸೊಟ್ಟಗಾದರೆ ಕ್ಷಮಿಸಬೇಕು. ಇಲ್ಲಿಯವರ ಮಾತನ್ನೂ ನಿಮ್ಮ ಹುಬ್ಬಳ್ಳಿಯ ಮಾತಿಗೆ ತಿರುಗಿಸಿಯೇ ಬರೆದಿದ್ದೇನೆ.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪತ್ರ ನಿಮಗೆ ಮಂಗಳವಾರ ಸಿಗುತ್ತದೆ. ಬರುವ ಗುರುವಾರ ನೀವು ಹಳೆಯ ಹತ್ತಿ ಗಿರಣಿಯ ಗೋದಾಮಿನಲ್ಲಿ ನಿಮ್ಮ ಎರಡನೆಯ ಆಲ್ಬಮ್ಮಿನ ಕೊನೆಯ ಹಾಡನ್ನು ಧ್ವನಿಮುದ್ರಿಸುತ್ತೀರಿ. ಅದನ್ನು ನುಡಿಸುತ್ತಲೇ ನಿಮ್ಮ ಸೋದರಮಾವ ಹುಲುಗಪ್ಪನವರು ಕುಸಿಯುತ್ತಾರೆ. ಆಸ್ಪತ್ರೆ ಸೇರುವಷ್ಟರಲ್ಲಿ ತೀರಿಕೊಳ್ಳುತ್ತಾರೆ. ಇದನ್ನು ತಪ್ಪಿಸಲು ನಿಮಗೆ ಸಾಧ್ಯವಿದೆ. ಅದು ತಪ್ಪುವುದು ಬೇಡ ಎಂದು ನಮ್ಮ ಊರು ತೀರ್ಮಾನಿಸಿದೆ. ಊರಿಗೆ ಹೇಳದೆ ನಾನು ಬರೆಯುತ್ತಿದ್ದೇನೆ.

ಊರಿನವರನ್ನು ಕೆಟ್ಟವರೆಂದು ತಿಳಿಯಬೇಡಿ. ಅವರು ಹೇಗೆ ಬದುಕುತ್ತಾರೆ ಎಂಬುದನ್ನು ಹೇಳಿದರೆ ನಿಮಗೆ ಸ್ವಲ್ಪವಾದರೂ ಅರ್ಥವಾದೀತು. ನಮ್ಮಲ್ಲಿ ಬೇಸಿಗೆ ವರ್ಷದ ಮುಕ್ಕಾಲು ಪಾಲು ನುಂಗಿಬಿಡುತ್ತದೆ. ಮನೆಗಳನ್ನು ಅರ್ಧ ನೆಲದೊಳಗೆ ಕಟ್ಟಿ, ಮೇಲೆ ಮಣ್ಣು ಹೊದಿಸಿ, ಬಿಸಿಲೇರುವ ಮೊದಲೇ ಬಾಗಿಲು ಹಾಕಿಕೊಂಡು ಒಳಗೆ ಸೇರುತ್ತೇವೆ. ಆ ಹೊತ್ತಿನಲ್ಲಿ ನೂಲುವುದು, ನವಣೆ ಬೀಸುವುದು, ಮಕ್ಕಳಿಗೆ ಪಾಠ ಹೇಳುವುದು, ಜಗಳವಾಡುವುದು ಎಲ್ಲವೂ ಒಳಗೇ ನಡೆಯಬೇಕು. ಇಡೀ ದಿನ ಒಂದೇ ಗಾಳಿಯನ್ನು ಹಂಚಿಕೊಂಡು ಕೂತವರಿಗೆ ಸಂಜೆಯ ಹೊತ್ತಿಗೆ ಒಬ್ಬರ ಮುಖ ಒಬ್ಬರಿಗೆ ಬೇಡವಾಗಿರುತ್ತದೆ. ಬಿಸಿಲು ಇಳಿದ ಮೇಲೆ ಬಾಗಿಲು ತೆರೆಯುವ ವೇಳೆಯನ್ನು ನಾವು ಉಸಿರುಹೊತ್ತು ಎನ್ನುತ್ತೇವೆ. ಆಗ ಕೆರೆಯ ಏರಿಯ ಮೇಲಿರುವ ಧ್ವನಿಗೋಪುರದಿಂದ ನಿಮ್ಮ ಹಾಡು ಹೊರಡುತ್ತದೆ. ಹೌದು, ನಿಮ್ಮದೇ. ‘ಮೆರವಣಿಗೆಯ ನಂತರ’ ಎಂಬ ನಿಮ್ಮ ಎರಡನೆಯ ಆಲ್ಬಮ್ಮಿನ ಕೊನೆಯ ಹಾಡು. ಊರಿಗೆ ಊರೇ ಹೊರಗೆ ಬಂದು, ಚಾಪೆ ಹಾಸಿ, ಅದು ಮುಗಿಯುವ ತನಕ ಸುಮ್ಮನೆ ಕೂರುತ್ತದೆ. ಬೆಳಗಿನಿಂದ ಮಾತು ಬಿಟ್ಟಿದ್ದ ಗಂಡ ಹೆಂಡತಿ ಆ ಹಾಡು ಮುಗಿದ ಮೇಲೆ ಮಾತಾಡಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನನ್ನ ಮನೆಯಲ್ಲೇ ನೋಡಿದ್ದೇನೆ.

ನಿಮ್ಮ ಕಾಲದ ಸಂಗೀತದಲ್ಲಿ ನಮ್ಮವರೆಗೆ ಬಂದದ್ದು ಬಹಳ ಕಡಿಮೆ. ನಡುವೆ ಯಂತ್ರಗಳೇ ಎಲ್ಲರಿಗೂ ಹಾಡಿ, ನುಡಿಸಿ, ಬೇಕಾದಂತೆ ಬಡಿಸಿಕೊಟ್ಟ ಒಂದು ದೀರ್ಘ ಕಾಲವಿತ್ತು. ಆಗ ಯಾರೂ ಊದಲೂ ಇಲ್ಲ, ಬಾರಿಸಲೂ ಇಲ್ಲ. ಯಂತ್ರಗಳು ಕೈಕೊಟ್ಟಾಗ ಜನರಿಗೆ ಜೋಗುಳ ಕೂಡ ಮರೆತುಹೋಗಿತ್ತಂತೆ. ಹುಬ್ಬಳ್ಳಿಯ ಯಾವುದೋ ನೆಲಮಾಳಿಗೆಯಲ್ಲಿ ನಿಮ್ಮ ಆಲ್ಬಮ್ ಸಿಕ್ಕಿತು. ಅದನ್ನು ಕೇಳಿಕೊಂಡೇ ನಮ್ಮವರು ಕೆರೆಯ ಜೊಂಡು ಸೀಳಿ ವಾದ್ಯದ ಬಾಯಿಗೆ ಕಟ್ಟುವ ಪತ್ತಿ ಮಾಡುವುದನ್ನು, ಕೊಳವೆಗೆ ತೂತು ಕೊರೆಯುವುದನ್ನು ಮತ್ತೆ ಕಲಿತರು. ಈಗ ನಮ್ಮಲ್ಲಿ ನುಡಿಸದ ಮನೆಯಿಲ್ಲ. ಅದರಲ್ಲಿ ಹೆಚ್ಚಿನವರು ಕೇಳಲಾಗದಷ್ಟು ಕೆಟ್ಟದಾಗಿ ನುಡಿಸುತ್ತಾರೆ ಎಂಬುದನ್ನೂ ಹೇಳಬೇಕು, ನಾನು ಅವರಲ್ಲೊಬ್ಬಳು.

ಆ ಕೊನೆಯ ಹಾಡಿನಲ್ಲಿ ಎಲ್ಲರೂ ಕಾಯುವ ಒಂದು ಜಾಗವಿದೆ. ನಿಮ್ಮ ಸ್ಯಾಕ್ಸೋಫೋನು ತಗ್ಗಿ, ಡ್ರಮ್ಮು ಬರೀ ಪಿಸುಗುಟ್ಟುತ್ತಿರುವಾಗ ಹುಲುಗಪ್ಪನವರ ಕ್ಲಾರಿನೆಟ್ ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತದೆ. ನಿಂತೇ ಇರುತ್ತದೆ. ಸ್ವರ ಒರಟಾಗುತ್ತದೆ, ಸೀಳುತ್ತದೆ, ಬರೀ ಗಾಳಿಯಾಗುತ್ತದೆ. ಮತ್ತೆ ಎಲ್ಲಿಂದಲೋ ಸ್ವರವಾಗಿ ಬರುತ್ತದೆ. ಆಮೇಲೆ ಇಲ್ಲವಾಗುತ್ತದೆ. ನಾವು ಆ ಉದ್ದದ ಉಸಿರಿಗೆ ಒಂದು ಹುಲುಗ ಎಂದು ಹೆಸರಿಟ್ಟು, ಅದರಲ್ಲೇ ಕಾಲವನ್ನು ಅಳೆಯುತ್ತೇವೆ. ಅನ್ನ ಬೇಯಲು ಇಷ್ಟು ಹುಲುಗ, ಹಾಲು ಕಾಯಲು ಇಷ್ಟು ಹುಲುಗ. ಊಟಕ್ಕೆ ಕರೆದರೆ ನನ್ನ ಮಗಳು ಆಟ ಬಿಟ್ಟು ಏಳದೆ, “ಇನ್ನೊಂದ್ ಹುಲುಗ ತಡಿಯವ್ವಾ” ಎನ್ನುತ್ತಾಳೆ. ಒಬ್ಬ ಮನುಷ್ಯ ಸಾಯಲು ತೆಗೆದುಕೊಂಡ ಹೊತ್ತನ್ನು ನಾವು ಅಡುಗೆಮನೆಯ ಅಳತೆ ಮಾಡಿಕೊಂಡಿದ್ದೇವೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ನಿಮ್ಮ ಕಾಲದವರೂ ಏನೂ ಕಡಿಮೆಯಲ್ಲ. ಆಲ್ಬಮ್ ಹೊರಬಂದಾಗ ದೇಶವಿದೇಶದ ವಿಮರ್ಶಕರು ಅದನ್ನು ಹೊಗಳಿ ಅಟ್ಟಕ್ಕೇರಿಸುತ್ತಾರೆ. ಮೊದಲ ಆಲ್ಬಮ್ಮಿಗೆ ಮದುವೆ ಬ್ಯಾಂಡಿನ ವಾಸನೆ ಇನ್ನೂ ಹೋಗಿಲ್ಲ ಎಂದು ಮೂಗು ಮುರಿದವರೇ ಎರಡನೆಯದರ ಈ ಜಾಗವನ್ನು ಯಾವ ಅಂಕೆಗೂ ಸಿಗದ ಸ್ವಾತಂತ್ರ್ಯ ಎಂದು ಬರೆಯುತ್ತಾರೆ. ಅದು ಸ್ವಾತಂತ್ರ್ಯವಾಗಿರಲಿಲ್ಲ. ನಿಮ್ಮ ಮಾವ ನಿಮ್ಮ ಕೈಗಾಗಿ ಕಾಯುತ್ತಿದ್ದರು, ಅಷ್ಟೇ.

ನಿಮ್ಮ ಮನೆತನದ ಪದ್ಧತಿಯನ್ನು ನಿಮಗೇ ಹೇಳುವುದು ಅಧಿಕಪ್ರಸಂಗ. ಆದರೂ ಹೇಳುತ್ತೇನೆ, ನೀವು ಅದನ್ನು ಮರೆಯಲು ಬಹಳ ಕಷ್ಟಪಟ್ಟಿದ್ದೀರಿ. ಮೆರವಣಿಗೆ ಮದುವೆ ಮನೆಯ ಬಾಗಿಲು ಮುಟ್ಟಿದಾಗ ಬ್ಯಾಂಡಿನ ಮುಂದಾಳು ಕೈ ಎತ್ತುತ್ತಾನೆ. ಆ ಕೈ ಏಳುವ ತನಕ ಊದುವವನು ಬಾಯಿಂದ ವಾದ್ಯ ತೆಗೆಯುವಂತಿಲ್ಲ. ಮಳೆ ಬರಲಿ, ಕುದುರೆ ಬೆದರಲಿ, ವರನ ಕಡೆಯವರು ನಡುರಸ್ತೆಯಲ್ಲಿ ಜಗಳಕ್ಕೆ ನಿಲ್ಲಲಿ, ಊದುತ್ತಲೇ ಇರಬೇಕು. ಹುಲುಗಪ್ಪನವರು ಮೀಸೆ ಚಿಗುರುವ ಮೊದಲಿನಿಂದ ಹಾಗೆಯೇ ನುಡಿಸಿದವರು. ನಿಮಗೆ ಮೊದಲ ಊದು ಕಲಿಸಿದವರೂ ಅವರೇ. ಮೊದಲ ಆಲ್ಬಮ್ಮಿನಲ್ಲಿ ನಿಮ್ಮ ಮನೆಯ ಬ್ಯಾಂಡಿನವರೆಲ್ಲ ಇದ್ದರು, ಪ್ರತಿ ಹಾಡಿನ ಕೊನೆಗೂ ನಿಮ್ಮ ಕೈ ಎದ್ದಿತ್ತು. ವಾಸನೆ ಎಂಬ ಮಾತು ನಿಮ್ಮನ್ನು ಚುಚ್ಚಿತು. ಎರಡನೆಯದಕ್ಕೆ ಬೆಂಗಳೂರಿನಿಂದ, ಗೋವಾದಿಂದ ಹೊಸಬರನ್ನು ಕರೆಸಿದಿರಿ. ಹಳೆಯ ತಂಡದಿಂದ ಮಾವನೊಬ್ಬರನ್ನು ಮಾತ್ರ ಉಳಿಸಿಕೊಂಡಿರಿ. ಮೊದಲ ದಿನವೇ ಎಲ್ಲರಿಗೂ, “ಈ ಸಲ ಯಾರೂ ಕೈಸನ್ನಿ ಮಾಡಂಗಿಲ್ಲ, ಯಾರ್ದ್ ಮುಗೀತೋ ಅವ್ರು ನಿಲ್ಲಸ್ರಿ” ಎಂದು ಹೇಳಿದಿರಿ. ಮಾವ ಹೂಂ ಎಂದರು. ನೀವು ಏನು ಹೇಳಿದರೂ ಅವರು ಹೂಂ ಎನ್ನುತ್ತಾರೆ, ನೀವೆಂದರೆ ಅವರಿಗೆ ಪ್ರಾಣ. ಆದರೆ ಕೈ ಏಳದೆ ನಿಲ್ಲುವುದು ಅವರಿಂದ ಆಗದ ಮಾತು. ಎದೆನೋವಿಗೆ ಡಾಕ್ಟರು ಊದುವುದನ್ನೇ ಬಿಡಿ ಎಂದಿದ್ದನ್ನು ಅವರು ನಿಮಗೆ ಹೇಳಿಲ್ಲ. ಹೇಳಿದರೆ ನೀವು ಬೇರೆಯವರನ್ನು ಕರೆಸುತ್ತೀರಿ ಎಂಬ ಭಯ ಅವರಿಗೆ.

ಇದೆಲ್ಲ ನನಗೆ ಗೊತ್ತಾದದ್ದು ನಿಮ್ಮಿಂದಲೇ. ಆ ಗುರುವಾರದ ನಂತರ ನೀವು ಬಹಳ ವರ್ಷ ವಾದ್ಯ ಮುಟ್ಟುವುದಿಲ್ಲ. ಮುದುಕಿಯಾದ ಮೇಲೆ ಒಮ್ಮೆ ಯಾವುದೋ ಸಭೆಯಲ್ಲಿ, ಪ್ರಶಸ್ತಿಯ ಶಾಲು ಹೆಗಲ ಮೇಲಿರುವಾಗ, ಮೈಕಿನ ಮುಂದೆ ನಿಂತು ಮಾತಾಡುತ್ತೀರಿ. ಆ ಧ್ವನಿ ನಮ್ಮಲ್ಲಿದೆ. “ಮಾವ ನನ್ನ ಕಡೆ ನೋಡಾಕತ್ತಿದ್ನಂತ. ಡ್ರಮ್ಮಿನಾಂವ ಆಮ್ಯಾಲೆ ಹೇಳಿದ. ನಾ ಕಣ್ಣ ಮುಚ್ಚಿದ್ದೆ. ಮುದುಕಗ ಇವತ್ತ ರಂಗ ಏರೇತಿ ಅಂದ್ಕೊಂಡು ಖುಷಿಪಟ್ಟೆ” ಎನ್ನುತ್ತೀರಿ. ಆಮೇಲೆ ಮೈಕಿನಿಂದ ಹಿಂದೆ ಸರಿಯುತ್ತೀರಿ. ಜನ ಅದು ಭಾಷಣದ ಕೊನೆ ಎಂದುಕೊಂಡು ಚಪ್ಪಾಳೆ ತಟ್ಟುತ್ತಾರೆ. ಹಳೆಯ ಕನ್ನಡ ಬಲ್ಲವಳೆಂದು ಅದನ್ನು ಊರಿಗೆ ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೇಳಿದ ದಿನ ಉಸಿರುಹೊತ್ತಿನಲ್ಲಿ ಯಾರೂ ಹೊರಗೆ ಬರಲಿಲ್ಲ. ಮರುದಿನ ಎಲ್ಲರೂ ಬಂದರು.

ಹಿಂದಿನ ಕಾಲಕ್ಕೆ ಕಾಗದ ಕಳಿಸುವ ದಾರಿಗೆ ನಾವು ಹಿಂಗಾಲುವೆ ಎನ್ನುತ್ತೇವೆ. ಅದು ಹೇಗೆ ಕೆಲಸ ಮಾಡುತ್ತದೆಂದು ಕೇಳಬೇಡಿ, ನನಗೆ ಗೊತ್ತಿಲ್ಲ, ಗೊತ್ತಿದೆ ಎನ್ನುವವರಿಗೂ ಗೊತ್ತಿಲ್ಲ. ಊರೆಲ್ಲ ವರ್ಷಗಟ್ಟಲೆ ಬಿಸಿಲಿನ ಶಕ್ತಿಯನ್ನು ಕೂಡಿಟ್ಟರೆ ಒಂದು ತಲೆಮಾರಿಗೆ ಒಂದೇ ಪತ್ರ. ನಮ್ಮ ತಲೆಮಾರಿನದನ್ನು ನಿಮಗೆ ಬರೆಯಬೇಕೆಂದು ಸಭೆ ಸೇರಿತು. ನೀವು ವಾದ್ಯ ಬಿಟ್ಟು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತ ವರ್ಷಕ್ಕೆ ಅದು ತಲುಪಬೇಕು, ನಿಮ್ಮ ಹಾಡು ಒಂದು ಊರನ್ನೇ ಸಾಕುತ್ತಿದೆ ಎಂದು ತಿಳಿದರೆ ನಿಮ್ಮ ದುಃಖ ಸ್ವಲ್ಪ ಕಡಿಮೆಯಾದೀತು ಎಂಬುದು ಎಲ್ಲರ ಆಸೆ. ಒಳ್ಳೆಯ ಆಸೆಯೇ. ಆಗ ಬಾವಿ ನೋಡಿಕೊಳ್ಳುವ ಮಲ್ಲಾರಿ ಎದ್ದು ನಿಂತು, “ಕಳಸೂದ ಆದ್ರ ಮೊದ್ಲ ಯಾಕ್ ಕಳಸಬಾರ್ದು? ಆ ಮುದುಕ ಉಳೀತಾನಲ್ಲ” ಎಂದ. ಸಭೆಯ ಹಿರಿಯಳಾದ ಹೊಳೆವ್ವ, “ಉಳೀತಾನಪಾ. ಆದ್ರ ನಾವು ಸಂಜಿಗೆ ಹೊರಗ ಬಂದು ಏನ್ ಕೇಳೋಣು?” ಎಂದಳು. ಮಲ್ಲಾರಿ ಕೂತ. ಯಾರೋ ನವಣೆ ಪಾಯಸ ಆರುತ್ತಿದೆ ಎಂದರು, ಎಲ್ಲರೂ ಎದ್ದರು. ನಾನೂ ಎದ್ದೆ. ಎರಡು ಸಲ ಹಾಕಿಸಿಕೊಂಡೆ.

ಹಳೆಯ ಕನ್ನಡ ಬಲ್ಲವಳೆಂದು ಪತ್ರ ಬರೆಯುವ ಕೆಲಸವೂ ನನಗೇ ಬಂತು. ನಿಮ್ಮನ್ನು ಸಮಾಧಾನಪಡಿಸುವ ಮಾತುಗಳನ್ನು ಒಂದೊಂದಾಗಿ ಜೋಡಿಸಿದೆ. ಎಲ್ಲವೂ ಚೆನ್ನಾಗಿಯೇ ಬಂದವು. ಓದಿ ನೋಡಿದರೆ, ಅವರ ಸಾವು ನಮಗೆ ಬೇಕು ಎಂಬ ಒಂದೇ ಮಾತನ್ನು ನಯವಾಗಿ ಸುತ್ತಿಕೊಟ್ಟ ಹಾಗಿತ್ತು. ಅದನ್ನು ಹರಿದು ಇದನ್ನು ಬರೆದೆ. ಕಾಲುವೆಯ ತೇದಿಯನ್ನು ನಾನೇ ಹಿಂದಕ್ಕೆ ತಿರುಗಿಸಿದ್ದೇನೆ. ಊರಿನವರು ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟದ್ದನ್ನು ಅವರಿಗೇ ತಿಳಿಯದಂತೆ ತೆಗೆದುಕೊಂಡಿದ್ದೇನೆ, ಇದಕ್ಕೆ ಬೇರೆ ಹೆಸರಿಲ್ಲ. ನಿಮಗೂ ಅನ್ಯಾಯ ಮಾಡುತ್ತಿರಬಹುದು. ನೀವು ಇದನ್ನು ನಂಬದಿದ್ದರೆ, ಆ ಗುರುವಾರ ನಡೆಯಬೇಕಾದ್ದು ನಡೆದುಹೋದರೆ, ಸಮಾಧಾನದ ಪತ್ರ ನಿಮಗೆ ಎಂದೂ ಬರುವುದಿಲ್ಲ. ಅದರ ಬದಲು, ಮೊದಲೇ ಹೇಳಿದ್ದರೂ ಕೇಳಲಿಲ್ಲ ಎಂಬ ಕೊರಗು ಜೊತೆಯಾಗುತ್ತದೆ. ಅದನ್ನು ನಿಮ್ಮ ತಲೆಗೆ ಕಟ್ಟಿದವಳು ನಾನು.

ನಿಮ್ಮ ಆಲ್ಬಮ್ ನಿಲ್ಲಿಸಿ ಎಂದು ಕೇಳುತ್ತಿಲ್ಲ. ಮಾವನನ್ನು ಬುಧವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅವರು ಏನೂ ಆಗಿಲ್ಲ ಎನ್ನುತ್ತಾರೆ, ಕೇಳಬೇಡಿ. ಅಷ್ಟಾದ ಮೇಲೂ ಹಟ ಹಿಡಿದು ಗಿರಣಿಗೆ ಬಂದೇ ಬರುತ್ತಾರೆ, ಅವರ ಹಟ ನಿಮಗೆ ಗೊತ್ತು. ಬಂದರೆ ಕುರ್ಚಿ ಹಾಕಿ ಕೂರಿಸಿ, ನಾಲ್ಕು ಸ್ವರ ನುಡಿಸಲಿ. ನೀವು ಕಣ್ಣು ತೆರೆದುಕೊಂಡು ಅವರ ಎದುರಿಗೇ ನಿಂತಿರಿ. ಅವರು ನಿಮ್ಮ ಕಡೆ ನೋಡಿದ ಕೂಡಲೇ ಕೈ ಎತ್ತಿ. ಬೆಂಗಳೂರಿನವರು ಏನೆಂದುಕೊಂಡರೂ ಅಂದುಕೊಳ್ಳಲಿ.

ಹಾಡು ಆಗಲೂ ಇರುತ್ತದೆ, ಬಹುಶಃ ಚೆನ್ನಾಗಿಯೂ ಇರುತ್ತದೆ. ಅದನ್ನು ಯಾರಾದರೂ ಇಷ್ಟು ಕಾಲ ಕಾಪಾಡುತ್ತಾರೋ ಇಲ್ಲವೋ ತಿಳಿಯದು. ನಮ್ಮ ಊರಿನ ಸಂಜೆಗಳು ಏನಾಗುತ್ತವೆ, ನನ್ನ ಮಗಳು ಏನೆಂದು ಹೇಳಿ ಆಟದಿಂದ ಏಳಲು ತಡಮಾಡುತ್ತಾಳೆ, ಅದೂ ತಿಳಿಯದು. ಈ ಹೊತ್ತು ಸಂಜೆ ಕೊನೆಯ ಸಲ ಎಂದುಕೊಂಡು ಎಲ್ಲರಿಗಿಂತ ಮುಂದೆ ಚಾಪೆ ಹಾಕಿ ಕೇಳಿದೆ. ಆ ಸ್ವರ ಗಾಳಿಯಾಗಿ ಮತ್ತೆ ಸ್ವರವಾಗುವ ಜಾಗ ಬಂದಾಗ ನನಗೆ ಸುಖವಾಯಿತು. ಎಲ್ಲ ಗೊತ್ತಿದ್ದೂ ಸುಖವಾಯಿತು. ನೀವು ನನ್ನನ್ನು ನಂಬದಿದ್ದರೆ ಸಾಕು, ಈ ಕಾಗದವನ್ನು ಹರಿದು ಬಿಸಾಡಿದರೆ ಸಾಕು ಎಂದು ನನ್ನ ಮನಸ್ಸು ಬಯಸಿತು, ಈಗಲೂ ಬಯಸುತ್ತಿದೆ. ಅದಕ್ಕೇ ಇನ್ನೂ ಹೆಚ್ಚು ಹೊತ್ತು ಕೂರದೆ, ಮನಸ್ಸು ಬದಲಾಗುವ ಮೊದಲೇ ಇದನ್ನು ಕಾಲುವೆಗೆ ಬಿಡುತ್ತಿದ್ದೇನೆ.

ನೀವಿದನ್ನು ಓದುವ ಹೊತ್ತಿಗೆ ಹುಲುಗಪ್ಪನವರು ಪಡಸಾಲೆಯಲ್ಲಿ ಕೂತು ಪತ್ತಿ ನೆನೆಸುತ್ತಿರುತ್ತಾರೆ. ಎದ್ದು ಹೋಗಿ ಅವರ ಪಕ್ಕ ಕೂರಿ. ಯಾರ ಕಾಗದ ಎಂದು ಕೇಳಿದರೆ, ಗುರುತಿಲ್ಲದವರದು ಎನ್ನಿ.

ತಂಗಾಳೆವ್ವ