ಬೂಟು ಬಿಟ್ಟು ಹೋದ ಗೋಲ್‌ಕೀಪರ್

9, ಚಾಪೆಲ್ ಬ್ರೋ, ಥಾರ್ನ್‌ಲೀ
ಶನಿವಾರ, 14 ಮಾರ್ಚ್ 2015
ಮಧ್ಯಾಹ್ನ ಮೂರೂಕಾಲು

ಪ್ರೀತಿಯ ಕ್ಲೈವ್ ಚಿಕ್ಕಪ್ಪ,

ಇವತ್ತು ಬೆಳಿಗ್ಗೆ ಒಬ್ಬ ಗೋಲ್‌ಕೀಪರನ ಹಣೆಯಲ್ಲಿ ತೂತು ಕಂಡೆ. ಹುಬ್ಬಿಗಿಂತ ಎಳ್ಳಿನಷ್ಟು ಮೇಲೆ, ಟೋಪಿಯ ಅಂಚಿಗೆ ತಾಗಿ, ದುಂಡಗಿನ ತೂತು. ಸುತ್ತ ತುಕ್ಕಿನ ಸಣ್ಣ ಬಳೆ. ಅವನು ಮಾತ್ರ ಏನೂ ಆಗದವನಂತೆ ಚೆಂಡನ್ನು ಎದೆಗೆ ಅವಚಿಕೊಂಡು ನಗುತ್ತಿದ್ದ. ಪಾದಗಳಿರಲಿಲ್ಲ. ಕಾಲುಚೀಲದ ಪಟ್ಟೆಗಳ ಹತ್ತಿರವೇ ಕಾಗದ ಮುಗಿದಿತ್ತು.

ಅವನು ಯಾರೆಂದು ನಿಮಗೆ ಇಷ್ಟರಲ್ಲೇ ಗೊತ್ತಾಗಿರಬೇಕು. ನಾನು ಯಾರೆಂದು ಮಾತ್ರ ಹೇಳಬೇಕಾಗಬಹುದು. ನಾನು ಬ್ರಯನಿ, ನಿಮ್ಮಣ್ಣ ನೆವಿಲ್ ಅವರ ಮಗಳು. ನೀವು ಕಡೆಯ ಸಲ ನೋಡಿದಾಗ ನನಗೆ ಹನ್ನೊಂದು ವರ್ಷ, ಈಗ ಇಪ್ಪತ್ಮೂರು ನಡೆಯುತ್ತಿದೆ. ನಿಮ್ಮ ವಿಳಾಸ ಅಮ್ಮನ ಪುಸ್ತಕದಲ್ಲಿತ್ತು. ಪ್ರತಿ ಕ್ರಿಸ್‌ಮಸ್‌ಗೂ ಅವಳು ನಿಮಗೆ ಕಾರ್ಡು ಕಳಿಸುವುದು ಅಪ್ಪನಿಗೆ ತಿಳಿಯದು ಅಂದುಕೊಂಡಿದ್ದಾಳೆ. ಅಪ್ಪನಿಗೆ ತಿಳಿದಿದೆ. ಡಿಸೆಂಬರ್ ಬಂದಾಗ ಅಂಚೆಚೀಟಿ ತಂದು ಡ್ರಾಯರಿನಲ್ಲಿಡುವವರು ಅವರೇ, ಮತ್ತು ಯಾವಾಗಲೂ ಒಂದು ಹೆಚ್ಚು ತರುತ್ತಾರೆ.

ಸಾಹಿತ್ಯದಲ್ಲಿ ಪದವಿ ಮುಗಿಸಿ ಎರಡು ವರ್ಷವಾಯಿತು. ಸದ್ಯ ಇಲ್ಲಿನ ಮಾರುಕಟ್ಟೆಯಲ್ಲಿ ಮೊರೀನ್ ಎಂಬಾಕೆಯ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಹಳೆಯ ಮಕ್ಕಳ ಕಾಮಿಕ್ಸು, ಅವುಗಳ ಜೊತೆ ಪುಕ್ಕಟೆ ಬರುತ್ತಿದ್ದ ಫುಟ್‌ಬಾಲ್ ಕಾರ್ಡು, ಸ್ಟಿಕ್ಕರು, ಅವನ್ನು ಅಂಟಿಸುವ ಆಲ್ಬಮ್ಮು, ಇಷ್ಟೇ ವ್ಯಾಪಾರ. ಬರುವವರೆಲ್ಲ ಅರವತ್ತರ ಆಸುಪಾಸಿನ ಗಂಡಸರು. ಔಷಧಿ ಅಂಗಡಿಯಲ್ಲಿ ಮೂಲವ್ಯಾಧಿಯ ಮುಲಾಮು ಕೇಳುವವರ ಹಾಗೆ, ಆಚೀಚೆ ನೋಡಿ, ತಗ್ಗಿದ ದನಿಯಲ್ಲಿ ಕೇಳುತ್ತಾರೆ: “ಅರವತ್ತೊಂಬತ್ತನೇ ಇಸ್ವಿ ‘ವಿಸಿಲ್’ದು ಹದಿನೇಳನೇ ನಂಬರ್ ಇದ್ಯಾಮ್ಮಾ?” ನಾನು ಮಾತಾಡುವುದು ಕಡಿಮೆ. ಮೊರೀನ್ ಅದನ್ನೂ ಸೇರಿಸಿ ಮಾತಾಡುತ್ತಾಳೆ. “ಮೂರು ವರ್ಷ ದೊಡ್ಡ ದೊಡ್ಡ ಪುಸ್ತಕ ಓದಿದ್ಲು ನಮ್ಮುಡುಗಿ. ಕೊನೇಗೆ ಸಿಕ್ಕಿದ್ದು ಚಿತ್ರದ ಪುಸ್ತಕ,” ಎಂದು ಎಲ್ಲರ ಮುಂದೆ ಹೇಳುತ್ತಾಳೆ. ಆಮೇಲೆ ನನ್ನ ಕಪ್ಪಿಗೆ ತಾನೇ ಚಹಾ ಸುರಿಯುತ್ತಾಳೆ.

ಹೋದ ವಾರ ಟಟಲ್ ಅವರ ಮಗಳು ಅಟ್ಟ ಖಾಲಿ ಮಾಡಿಸಿ ನಾಲ್ಕು ಪೆಟ್ಟಿಗೆ ತಂದು ಕೊಟ್ಟಳು. ಬಾಬಿನ್ ಸ್ಟ್ರೀಟಿನ ಮೂಲೆಯ ಟಟಲ್ ಪೇಪರ್ ಅಂಗಡಿ ನಿಮಗೆ ನೆನಪಿರುತ್ತದೆ. ಮಾರಾಟವಾಗದ ಕಾಮಿಕ್ಸುಗಳ ಮೇಲೆ ಮೊರೀನಳ ಕಣ್ಣಿತ್ತು. ತಳದಲ್ಲಿ ಒಂದು ಮೊಣಕೈ ಉದ್ದದ ತುಕ್ಕು ಹಿಡಿದ ಕಂಬಿ, ಅದರ ತುಂಬ ಚುಚ್ಚಿದ ಚೀಟಿಗಳು. “ಅದು ಕಸ ಕಣೇ. ತೂತು ಬಿದ್ದಿದ್ದನ್ನ ಯಾವನು ತಗೋತಾನೆ? ಕಂಬಿ ಇಟ್ಕೋ, ಚೀಟಿ ಬಿಸಾಕು,” ಅಂದಳು ಮೊರೀನ್. ನಾನು ಬಿಸಾಕುವ ಮೊದಲು ಓದುವವಳು. ಇವತ್ತು ಬೆಳಿಗ್ಗೆ ಒಂದೊಂದಾಗಿ ಕಳಚುತ್ತ ಕುಳಿತೆ.

ಎಲ್ಲವೂ ‘ವಿಸಿಲ್’ನಿಂದಲೋ ಅಂಥ ಬೇರೆ ಕಾಮಿಕ್ಸಿನಿಂದಲೋ ಮಕ್ಕಳು ಕತ್ತರಿಸಿ ಕೊಟ್ಟ ಚೀಟಿಗಳು. ‘ಅಂಗಡಿಯವರೇ, ಪ್ರತಿ ವಾರ ಒಂದು ಪ್ರತಿ ತೆಗೆದಿಡಿ’ ಎಂದು ಅಚ್ಚಾಗಿರುತ್ತದೆ, ಕೆಳಗೆ ಹೆಸರು, ವಿಳಾಸಕ್ಕೆ ಚುಕ್ಕೆಗೆರೆ. ಹೊಸ ಕಾರ್ಡುಗಳ ಸರಣಿ ಶುರುವಾದರೆ ಗುರುವಾರ ಶಾಲೆ ಬಿಟ್ಟ ಅರ್ಧ ಗಂಟೆಗೆಲ್ಲ ಕಾಮಿಕ್ಸು ಖಾಲಿಯಾಗುತ್ತಿತ್ತಂತೆ, ಚೀಟಿ ಕೊಟ್ಟವರಿಗೆ ಮಾತ್ರ ಭರವಸೆ. ಅದಕ್ಕೇ ಮಕ್ಕಳು ಮನೆಯವರೆಗೂ ಕಾಯುತ್ತಿರಲಿಲ್ಲ. ಟಟಲ್ ಅವರ ಕೌಂಟರಿನಲ್ಲಿ ದಾರ ಕಟ್ಟಿದ ಕತ್ತರಿ ಇರುತ್ತಿತ್ತು. ಕೊಂಡ ಕೂಡಲೇ ಅಲ್ಲೇ ಕತ್ತರಿಸು, ಅಲ್ಲೇ ಬರೆ, ಅಲ್ಲೇ ಕೊಡು. ಹಿಂದಿನ ಪುಟದಲ್ಲಿ ಏನಿದೆಯೆಂದು ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ.

ನಾನು ಕಳಚಿದ ಒಂದು ಚೀಟಿಯ ಹಿಂಬದಿಗೆ, ಕತ್ತರಿಸಿಕೊಳ್ಳಲೆಂದು ಪುಟದಲ್ಲೇ ಅಚ್ಚು ಮಾಡಿದ್ದ ಕಾರ್ಡಿನಲ್ಲಿ, ಆಲ್ಬರ್ಟ್ ಕ್ರೋವ್ ಇದ್ದ. ನಂಬರ್ ಮೂವತ್ತೊಂದು, ಥಾರ್ನ್‌ಲೀ ರೋವರ್ಸ್. ನಲವತ್ತೆಂಟು ಆಟಗಾರರ ಆ ಸರಣಿಯಲ್ಲಿ ನಮ್ಮೂರಿನವನು ಅವನೊಬ್ಬನೇ.

ಆ ಕಥೆಯನ್ನು ನಾನು ಅಪ್ಪನ ಬಾಯಲ್ಲಿ ಎಷ್ಟು ಕ್ರಿಸ್‌ಮಸ್ ಕೇಳಿದ್ದೇನೋ. ಪುಡ್ಡಿಂಗು ಮುಗಿದ ಮೇಲೆ, ಕಾಗದದ ಕಿರೀಟ ತಲೆಯ ಮೇಲಿಟ್ಟುಕೊಂಡು ಶುರು ಮಾಡುತ್ತಿದ್ದರು. ಅವರಿಗೆ ಹನ್ನೊಂದು, ನಿಮಗೆ ಎಂಟು. ಆ ಗುರುವಾರ ಅವರು ‘ವಿಸಿಲ್’ ಕೊಂಡು, ಮನೆಯ ಗೇಟಿನಲ್ಲಿ ನಿಮ್ಮ ಕೈಗಿತ್ತು, ಚರ್ಚಿನ ಹಾಡಿನ ಅಭ್ಯಾಸಕ್ಕೆ ಓಡಿದರು. ಸಂಜೆ ಬಂದು ತೆರೆದರೆ ಕ್ರೋವ್ ಇರಬೇಕಾದ ಕಡೆ ಚೌಕದ ಕಿಂಡಿ. ಕಿಂಡಿಯ ಕೆಳಗೆ ಅವನ ಎರಡು ಬೂಟು, ಹೆಸರಿನ ಪಟ್ಟಿ ಮಾತ್ರ. “ನಾನ್ ಮುಟ್ಟೇ ಇಲ್ಲ,” ಅಂದಿರಿ ನೀವು. ಅಪ್ಪ ನಿಮ್ಮ ಹಾಸಿಗೆ ಮಗುಚಿದರು, ಶಾಲೆಯ ಚೀಲ ಸುರಿದರು, ಬೂಟಿನೊಳಗೆ ಕೈ ಹಾಕಿ ನೋಡಿದರು.

ಅಜ್ಜಿ ಮಾತ್ರ ಆಗಲೇ ಸರಿಯಾಗಿ ಕೇಳಿದ್ದಳು: “ಕದಿಯೋನು ಕಾಲು ಬಿಟ್ಟು ಕದೀತಾನೇನೋ, ದಡ್ಡ?”

“ಅವಸರದಲ್ಲಿದ್ದ,” ಎನ್ನುವುದು ಅಪ್ಪನ ಉತ್ತರ.

ಇಲ್ಲಿಗೆ ಎಲ್ಲರೂ ನಗಬೇಕು, ಅದು ಪದ್ಧತಿ. ನೀವೂ ನಗುತ್ತಿದ್ದಿರಿ. ಆದರೆ ತಟ್ಟೆ ನೋಡಿಕೊಂಡು ನಗುತ್ತಿದ್ದಿರಿ. ಮಕ್ಕಳು ಮೇಜಿನ ಎತ್ತರದಲ್ಲೇ ಕುಳಿತಿರುವುದರಿಂದ ಇಂಥದ್ದು ಕಾಣುತ್ತದೆ.

2003ರ ನವೆಂಬರಿನಲ್ಲಿ ಅಜ್ಜಿಯ ಶವಸಂಸ್ಕಾರದ ದಿನದ ಬಗ್ಗೆ ನಿಮಗೆ ನಾನು ಹೇಳಬೇಕಾದ್ದಿಲ್ಲ. ಆದರೂ ನಾನು ಕಂಡಷ್ಟನ್ನು ಬರೆಯುತ್ತೇನೆ. ನಡುಮನೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ಚು, ಬಾಡಿಗೆಗೆ ತಂದ ಕಪ್ಪುಗಳು. ಅಮ್ಮ ಅಜ್ಜಿಯ ಕೈಗಡಿಯಾರವನ್ನು ಯಾರಿಗೋ ತೋರಿಸಲು ಬೀರುವಿನ ಡ್ರಾಯರು ಎಳೆದಳು. ಇರಲಿಲ್ಲ. ಅಜ್ಜ ನಿವೃತ್ತಿಯ ದಿನ ಕೊಡಿಸಿದ್ದು, ಅಜ್ಜಿಯ ಹತ್ತಿರ ಬೆಲೆಯುಳ್ಳದ್ದು ಅಂತ ಇದ್ದದ್ದು ಅದೊಂದೇ. ಎಲ್ಲರೂ ಕುರ್ಚಿಯ ಕೆಳಗೆ ಬಗ್ಗಿ ನೋಡುತ್ತಿದ್ದಾಗ ಅಪ್ಪ ಅಗ್ಗಿಷ್ಟಿಕೆಯ ಹತ್ತಿರ ನಿಂತು ಹೇಳಿದರು:

“ನಮ್ ಕ್ಲೈವನ್ನ ಕೇಳಿ. ಗೋಲ್‌ಕೀಪರಿಂದ ಶುರು ಮಾಡಿದೋನು ಅವನು.”

ಈ ಸಲ ಯಾರೂ ನಗಲಿಲ್ಲ. ಅಪ್ಪ ತಮಾಷೆಗೆ ಅಂದರೋ ನಿಜಕ್ಕೆ ಅಂದರೋ ನನಗೆ ಇವತ್ತಿಗೂ ತಿಳಿಯದು. ಬಹುಶಃ ಅವರಿಗೂ ತಿಳಿಯದು. ನೀವು ಅರ್ಧ ತಿಂದ ಸ್ಯಾಂಡ್‌ವಿಚ್ಚನ್ನು ತಟ್ಟೆಯ ಅಂಚಿಗೆ ಸರಿಯಾಗಿ ಇಟ್ಟಿರಿ. “ಜೂನ್, ಚಹಾ ಚೆನ್ನಾಗಿತ್ತು,” ಎಂದು ಅಮ್ಮನಿಗೆ ಹೇಳಿದಿರಿ. ಕೋಟು ಹಾಕಿಕೊಂಡು ಹೊರಟಿರಿ. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಿರಿ. ನಾನು ಮೆಟ್ಟಿಲ ಮೇಲಿದ್ದೆ, ಕೆಳಗಿನಿಂದ ನಾಲ್ಕನೆಯದು, ಬಲಗೈ ಸ್ವೆಟರಿನ ಜೇಬಿನಲ್ಲಿ. ನೀವು ಹೋಗುವಾಗ ನನ್ನ ತಲೆ ನೇವರಿಸಿದಿರಿ.

ಮೂರು ದಿನದ ನಂತರ ಗಡಿಯಾರ ಅಜ್ಜಿಯ ಏಪ್ರನ್ನಿನ ಜೇಬಿನಲ್ಲಿ ಸಿಕ್ಕಿತು. “ಅಲ್ಲಾ, ಮೊನ್ನೆ ತಾನೇ ಈ ಜೇಬು ಒಳಗೆ ಹೊರಗೆ ಮಾಡಿ ನೋಡಿದ್ದೆನಲ್ಲ,” ಎಂದು ಅಮ್ಮ ಎರಡು ದಿನ ಗೊಣಗಿದಳು. ಅಪ್ಪ “ಹೂಂ” ಅಂದು ಹಿತ್ತಲಿಗೆ ಹೋಗಿ ಸೌದೆ ಇಲ್ಲದಿದ್ದರೂ ಸೌದೆಯ ಗೂಡು ಗುಡಿಸಿದರು. ಫೋನಿನ ಹತ್ತಿರ ಹೋಗಲಿಲ್ಲ.

ಇನ್ನು ಇವತ್ತಿನದು. ಊರಿನಲ್ಲಿ ಪಂದ್ಯವಿದ್ದರೆ ಎರಡು ಗಂಟೆಯ ಮೇಲೆ ಮಾರುಕಟ್ಟೆಯಲ್ಲಿ ನೊಣವೂ ಇರುವುದಿಲ್ಲ. ಮೊರೀನ್ ನನ್ನ ಮುಖ ನೋಡಿ, “ಮನೆಗೋಗು, ಸತ್ತವರನ್ನ ಕಂಡೋಳ ಥರ ಇದ್ದೀಯ,” ಅಂದಳು. ಚೀಟಿಯನ್ನು ಕೇಳಿ ತೆಗೆದುಕೊಂಡೆ. ಅಪ್ಪ ಶಾಲು ಸುತ್ತಿಕೊಂಡು ಸ್ಟೇಡಿಯಮ್ಮಿಗೆ ಹೋಗಿಯಾಗಿತ್ತು, ಅಮ್ಮ ಚಿಕ್ಕಮ್ಮನ ಮನೆಯಲ್ಲಿ. ಕಪಾಟಿನಿಂದ ಅಪ್ಪನ ಆಲ್ಬಮ್ ಇಳಿಸಿದೆ.

ನಲವತ್ತೇಳು ಆಟಗಾರರು, ಒಂದು ಖಾಲಿ ಚೌಕ. ಮೊರೀನಳ ಹತ್ತಿರ ಮೂವತ್ತೊಂದನೇ ನಂಬರಿನವು ಎರಡಿವೆ, ಬೂಟಿನ ಸಮೇತ, ಹೊಚ್ಚ ಹೊಸದರಂತೆ. ಒಂದು ಮಧ್ಯಾಹ್ನದ ಊಟದಷ್ಟೂ ಬೆಲೆಯಿಲ್ಲ. ಅಪ್ಪ ತಿಂಗಳಿಗೊಮ್ಮೆ ಅಂಗಡಿಗೆ ಬಂದು ಗಾಜಿನ ಮೇಲೆ ಬಗ್ಗಿ ಅವನ್ನು ನೋಡುತ್ತಾರೆ. ಮೊರೀನ್, “ತಗೊಳ್ಳಪ್ಪಾ ನೆವಿಲ್, ಮಗಳ ಲೆಕ್ಕದಲ್ಲಿ ಪುಕ್ಕಟೆ ಕೊಡ್ತೀನಿ,” ಅನ್ನುತ್ತಾಳೆ. ಅಪ್ಪ ಪ್ರತಿ ಸಲ ಒಂದೇ ಮಾತು ಹೇಳುತ್ತಾರೆ: “ಬೇಡ. ನಂದು ಒಂದಿದೆ ಎಲ್ಲೋ.”

ಆಲ್ಬಮ್ಮಿನ ಹಿಂದೆ ನಾಲ್ಕಾಗಿ ಮಡಿಸಿದ ಆ ‘ವಿಸಿಲ್’ ಪುಟವನ್ನು ಅವರು ಇನ್ನೂ ಇಟ್ಟುಕೊಂಡಿದ್ದಾರೆ, ಸಾಕ್ಷಿಯ ಹಾಗೆ. ಅಡುಗೆಮನೆಯ ಮೇಜಿನ ಮೇಲೆ ಹರಡಿ ಚೀಟಿಯನ್ನು ಕಿಂಡಿಯಲ್ಲಿಟ್ಟೆ. ಕ್ರೋವ್ ತನ್ನ ಬೂಟಿನ ಮೇಲೆ ಸರಿಯಾಗಿ ನಿಂತ. ಕತ್ತರಿ ಎಡಮೂಲೆಯಲ್ಲಿ ಕೊಂಚ ಜಾರಿದ ಕಡೆ, ಚೀಟಿಯೂ ಅಷ್ಟೇ ಜಾರಿತ್ತು.

ಹಾಗೇ ಮಗುಚಿದೆ. ಅಂಗಡಿಯವರ ಪೆನ್ಸಿಲಿನಲ್ಲಿ 16/10/69. ಅದರ ಮೇಲೆ ನೀಲಿ ಶಾಯಿಯ ದುಂಡಗಿನ ಅಕ್ಷರ. ಅಪ್ಪ ಈಗಲೂ ನಮ್ಮ ಮನೆತನದ ಹೆಸರು ಹ್ಯಾಲಂ ಎಂದು ಸಹಿ ಮಾಡುವಾಗ ಮೊದಲಿನ H ಅಕ್ಷರವನ್ನು ಗೋಲ್ ಕಂಬದ ಹಾಗೆ ಬರೆಯುತ್ತಾರೆ, ಅಡ್ಡಪಟ್ಟಿಯನ್ನು ತೀರಾ ತುದಿಗೆ ಏರಿಸಿ. ಇದರಲ್ಲೂ ಹಾಗೇ ಇದೆ. ಟಟಲ್ ಅವರ ಕೌಂಟರಿನಲ್ಲಿ, ದಾರ ಕಟ್ಟಿದ ಕತ್ತರಿಯಿಂದ, ಚೀಟಿಯ ಜೊತೆಗೆ ಅದರ ಹಿಂದಿದ್ದ ಆ ಕಾರ್ಡನ್ನೂ ಕತ್ತರಿಸಿದವರು ಅಪ್ಪನೇ. ನಿಮ್ಮ ಕೈಗೆ ಕಾಮಿಕ್ಸು ಬರುವ ಹೊತ್ತಿಗೆ ಕಿಂಡಿ ಇತ್ತು.

ನಾನು ಹೆಚ್ಚು ಹೊತ್ತು ನೋಡಿದ್ದು ಇನ್ನೊಂದನ್ನು. ‘ಯಾರಿಗಾಗಿ’ ಎನ್ನುವ ಕಡೆ ಒಂದು ಹೆಸರಿಗಷ್ಟೇ ಜಾಗ. ಅಲ್ಲಿ ಅವರು ‘ನೆವಿಲ್’ ಎಂದು ಬರೆದು, ಉಳಿದ ಚೂರಿನಲ್ಲಿ ಇರುವೆ ಸಾಲಿನಷ್ಟು ಸಣ್ಣಗೆ, ಗೆರೆ ದಾಟಿ ಅಂಚಿನವರೆಗೂ, ‘ಮತ್ತು ಕ್ಲೈವ್’ ಎಂದು ತುರುಕಿದ್ದಾರೆ.

ಮೊದಲು ಇದನ್ನು ಆಲ್ಬಮ್ಮಿನಲ್ಲಿ ಇಟ್ಟು, ಮೇಜಿನ ಮೇಲೆ ತೆರೆದು ಬಿಡೋಣ ಅಂದುಕೊಂಡೆ. ಅಪ್ಪ ಬರುತ್ತಾರೆ, ಕನ್ನಡಕ ಹಾಕಿಕೊಂಡು ನೋಡುತ್ತಾರೆ. ಆಮೇಲೆ? ಹಿತ್ತಲಿಗೆ ಹೋಗಿ ಗುಡಿಸುತ್ತಾರೆ. ನಲವತ್ತೆಂಟೂ ಪೂರ್ತಿಯಾಗುತ್ತದೆ, ಆಲ್ಬಮ್ ಕಪಾಟಿಗೆ ಹೋಗುತ್ತದೆ, ನೀವು ಅಷ್ಟು ದೂರದ ಲ್ಯಾಂಡಡ್ನೊ ಊರಿನಲ್ಲಿ ಬಸ್ಸು ಓಡಿಸಿಕೊಂಡೇ ಇರುತ್ತೀರಿ. ಅವರು ಕೆಟ್ಟವರಲ್ಲ. ತಪ್ಪಾಯಿತು ಎನ್ನುವ ಮಾತನ್ನು ಒಳಗೇ ಅಂದುಕೊಂಡು, ಅಂದಾಯಿತು ಎಂದು ತಿಳಿಯುವವರು.

ಅದಕ್ಕೆ ಇದನ್ನು ನಿಮಗೆ ಕಳಿಸುತ್ತಿದ್ದೇನೆ. ನಲವತ್ತೈದು ವರ್ಷ ಇದನ್ನು ಹೊತ್ತವರು ನೀವು, ಕೈಯಲ್ಲೂ ಇರಲಿ. ಬೇಕಾದರೆ ಒಲೆಗೆ ಹಾಕಿ, ನಾನು ಕೇಳುವುದಿಲ್ಲ. ಬೇಕಾದರೆ ನೀವೇ ತಂದು ಅವರ ಮುಂದಿಡಿ. ಆ ಪುಟವನ್ನು ಮಡಿಸಿ ಇದ್ದ ಹಾಗೇ ಇಟ್ಟಿದ್ದೇನೆ, ಚೌಕ ಖಾಲಿ ಇದೆ. ಭಾನುವಾರದ ಊಟ ಈಗಲೂ ಒಂದು ಗಂಟೆಗೆ. ಅಮ್ಮ ಈಗಲೂ ಆಲೂಗಡ್ಡೆ ಹೆಚ್ಚಾಗಿಯೇ ಹುರಿಯುತ್ತಾಳೆ.

ನಿಮ್ಮ ಅಣ್ಣನ ಮಗಳು,
ಬ್ರಯನಿ

ಮತ್ತೆ: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅಜ್ಜಿಯ ಗಡಿಯಾರವನ್ನು ಏಪ್ರನ್ನಿನ ಜೇಬಿನಲ್ಲಿಟ್ಟವಳು ನಾನು. ದಿನಾ ಬೆಳಿಗ್ಗೆ ಅದಕ್ಕೆ ಕೀಲಿ ಕೊಡುವ ಕೆಲಸವನ್ನು ಅಜ್ಜಿ ನನಗೆ ಬಿಟ್ಟಿದ್ದಳು. ಅವತ್ತು ಬೆಳಿಗ್ಗೆ ಅದು ನಿಲ್ಲಬಾರದೆಂದು ತೆಗೆದುಕೊಂಡೆ. ನೀವು ನನ್ನ ತಲೆ ನೇವರಿಸಿದಾಗ ಜೇಬಿನೊಳಗೆ, ನನ್ನ ಬಲಗೈಯಲ್ಲಿ ಅದು ಟಿಕ್ ಟಿಕ್ ಅನ್ನುತ್ತಿತ್ತು. ಬಾಯಿ ಬರಲಿಲ್ಲ. ನನ್ನನ್ನು ಎಲ್ಲರೂ ಸಂಕೋಚದ ಹುಡುಗಿ ಅನ್ನುತ್ತಾರೆ, ನಾನೂ ಅದರ ಹಿಂದೆಯೇ ಇದ್ದುಬಿಟ್ಟೆ.

ಕಾರ್ಡಿನ ವಿಷಯ ಅಪ್ಪನಿಗೆ ನಾನು ಹೇಳುವುದಿಲ್ಲ, ಅದು ನಿಮ್ಮದು. ಗಡಿಯಾರದ ವಿಷಯ ನನ್ನದು. ರೇಡಿಯೋದಲ್ಲಿ ಈಗಷ್ಟೇ ಹೇಳಿದರು, ರೋವರ್ಸ್ ಎರಡು-ಸೊನ್ನೆ ಸೋತಿದೆ. ಅಪ್ಪನ ಮುಖ ಹೇಗಿರುತ್ತದೆಂದು ನಿಮಗೆ ಗೊತ್ತು. ಆದರೂ ಇವತ್ತೇ ಹೇಳುತ್ತೇನೆ, ಅವರು ಶಾಲು ಬಿಚ್ಚುವ ಮೊದಲೇ.