ಉಳಿದ ಎಂಟು ಬಸವನಹುಳುಗಳು

ಮನೆ,
ಭಾನುವಾರ, ಮಾರ್ಚ್ ೯

ನನ್ನ ಪುಟ್ಟಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಜೈಲಿನ ಸಿಮೆಂಟು ನೆಲದಲ್ಲಿ ಮಲಗಿದರೆ ನೋಯದೆ ಇನ್ನೇನು. ಡಾಕ್ಟರಿಗೆ ಬಾಯಿಬಿಟ್ಟು ಹೇಳು, ಅಲ್ಲಿಯೂ ಸಂಕೋಚಪಟ್ಟುಕೊಂಡು ಕೂರಬೇಡ. ನಾನು ಚೆನ್ನಾಗಿದ್ದೇನೆ. ಹೊಲಿಗೆ ಮಷೀನು ಓಡುತ್ತಿದೆ, ಮನೆಯಲ್ಲಿ ಅಷ್ಟಾದರೂ ಸದ್ದಿದೆ.

ಪ್ರತಿ ಪತ್ರದಲ್ಲೂ ನಿನ್ನ ಅಕ್ವೇರಿಯಮ್ಮಿನ ಬಸವನಹುಳುಗಳನ್ನು ವಿಚಾರಿಸುತ್ತೀಯ. "ಚೆನ್ನಾಗಿವೆ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. ಈಗ ನಿಜ ಹೇಳುತ್ತೇನೆ, ಬೈಯಬೇಡ. ಹನ್ನೆರಡರಲ್ಲಿ ಎಂಟು ಉಳಿದಿವೆ. ಸೆಕೆಗೆ ತೊಟ್ಟಿಯ ನೀರು ಇಳಿಯುತ್ತಿತ್ತು. ಸಮುದ್ರದ ಜೀವಗಳಲ್ಲವೇ ಎಂದುಕೊಂಡು, ನೀನಿಟ್ಟಿದ್ದ ಡಬ್ಬದ ಉಪ್ಪನ್ನೇ ಕದಡಿ ಮೂರು ವಾರ ಧಾರಾಳವಾಗಿ ತುಂಬಿಸಿದೆ. ಅವು ಒಂದೊಂದಾಗಿ ಗಾಜು ಬಿಟ್ಟು ಮರಳಿಗೆ ಬಿದ್ದವು. ನಿದ್ದೆ ಮಾಡುತ್ತಿವೆ ಎಂದುಕೊಂಡೆ! ವಾಸನೆ ಬಂದ ಮೇಲೆ ಬಾಟಲಿಯಲ್ಲಿ ಆ ನೀರು ಹಿಡಿದು ಬಣ್ಣದ ಮೀನು ಮಾರುವವನ ಹತ್ತಿರ ಓಡಿದೆ. ಅವನು ತಲೆ ಚಚ್ಚಿಕೊಂಡ. "ಅಮ್ಮಾ, ಆರಿಹೋಗೋದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತೆ. ಬರೀ ಫಿಲ್ಟರ್ ನೀರು ಹಾಕ್ಬೇಕಿತ್ತು" ಅಂದ. ಬಟ್ಟೆಯ ಅಳತೆಯಲ್ಲಿ ಕಾಲಿಂಚೂ ತಪ್ಪದವಳು ನಾನು, ನೋಡು. ಈಗ ಅವನು ಹೇಳಿದಂತೆ ದಿನಕ್ಕೆರಡು ಲೋಟ ತೆಗೆದು, ಅಷ್ಟೇ ಫಿಲ್ಟರ್ ನೀರು ಹಾಕುತ್ತಿದ್ದೇನೆ.

ಉಳಿದವು ಮತ್ತೆ ಗಾಜಿನ ಮೇಲಿನ ಪಾಚಿ ಮೇಯುತ್ತಿವೆ. ಒಂದಂತೂ ಹವಳದ ಕಲ್ಲು ಹತ್ತಲು ಹೋಗಿ ದಿನವೂ ಅಂಗಾತ ಬೀಳುತ್ತದೆ, ತಾನಾಗಿ ಏಳಲಾರದು. ಬೆಳಿಗ್ಗೆ ಕೈಹಾಕಿ ತಿರುಗಿಸಿ, "ಮತ್ತೆ ಬಿದ್ಯೇನೋ, ಪೋಲಿ" ಎಂದು ಗದರುತ್ತೇನೆ. ನಿನ್ನ ಕೇಸಾದ ಮೇಲೆ ಗಿರಾಕಿಗಳು ಬಟ್ಟೆಯನ್ನು ಬಾಗಿಲಲ್ಲೇ ಕೊಟ್ಟು ಹೊರಟುಬಿಡುತ್ತಾರೆ. ಮೊನ್ನೆ ಯೋಚಿಸಿದೆ, ಇಡೀ ದಿನದಲ್ಲಿ ನಾನು ಬಾಯಿ ತೆರೆದದ್ದು ಆ ಹುಳುವಿನ ಹತ್ತಿರ ಮಾತ್ರ. ಅಳು ಬಂತು ಕಣೋ.

ನೀನು ಕುಡಿದು ವ್ಯಾನ್ ಓಡಿಸಿ ಆ ಮೇಷ್ಟರ ಕಾಲು ಮುರಿದದ್ದನ್ನು ನಾನು ಮರೆತಿಲ್ಲ. ಅವರು ಈಗ ಊರುಗೋಲು ಹಿಡಿದು ನಮ್ಮ ಬೀದಿಯಲ್ಲೇ ಓಡಾಡುತ್ತಾರೆ. ನನ್ನನ್ನು ಕಂಡರೆ "ಚೆನ್ನಾಗಿದ್ದೀರಾ?" ಎನ್ನುತ್ತಾರೆ. ತಲೆ ತಗ್ಗಿಸುವುದು ನಾನೇ. ಕೋರ್ಟಿನ ಮೆಟ್ಟಿಲ ಮೇಲೆ "ಇನ್ನು ನಿನ್ನ ಮುಖ ನೋಡಲ್ಲ" ಅಂದವಳು ಹದಿನಾಲ್ಕು ತಿಂಗಳು ಹಟ ಹಿಡಿದೆ. ಯಾರನ್ನು ಶಿಕ್ಷಿಸಿದೆನೋ, ನನಗೇ ಗೊತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಯಾರ ಜಗಳಕ್ಕೂ ಹೋಗಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಕಂದಾ.

ನಿನ್ನ
ಅಮ್ಮ

ಮರೆತಿದ್ದೆ: ಭೇಟಿಗೆ ಬರುವವರ ಪಟ್ಟಿಯಿಂದ ನನ್ನ ಹೆಸರು ತೆಗೆಸಿದ್ದೀಯಾ? ತೆಗೆಸಿದ್ದರೆ ಮತ್ತೆ ಬರೆಸು. ಶನಿವಾರ ಬರುತ್ತೇನೆ, ಬಸ್ಸಿನ ಸಮಯವನ್ನೂ ಕೇಳಿಟ್ಟುಕೊಂಡಿದ್ದೇನೆ. ಎದುರಿಗೆ ಕೂತಾಗ ನನಗೆ ಮಾತು ಹೊರಡದಿದ್ದರೆ ಕೋಪ ಎಂದುಕೊಳ್ಳಬೇಡ. ನೀನೇ ಮೊದಲು ಮಾತಾಡು.